ಸೂರ್ಯ ಹೇಗೆ ಬೆಳಗುತ್ತಾನೆ, ಎಷ್ಟು ಕಾಲ ಬೆಳಗುತ್ತಾನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಶಾಲೆಗಳ ಅಂಗಳದಲ್ಲಿ, ಮಂಡ್ಯ ಜಿಲ್ಲೆಯ ಊರುಗಳಲ್ಲಿ ಗ್ರಹಣಗಳನ್ನೂ ಸೌರಕಲೆಗಳನ್ನೂ ತೋರಿಸುತ್ತ ಬಂದ ಈ ವರ್ಷಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಮಕ್ಕಳು ಕೇಳಿದವೂ ಇವೆ, ರೈತರು ಕೇಳಿದವೂ ಇವೆ. ಉತ್ತರಿಸಲು ಹೆಚ್ಚು ತಡವರಿಸಿದ್ದು ರೈತರ ಪ್ರಶ್ನೆಗಳಿಗೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸೂರ್ಯನ ಒಲೆಗೆ ಸೌದೆ ಹಾಕುವವರು ಯಾರು?

ಪಾಂಡವಪುರದ ಕಡೆಯ ಆಲೆಮನೆಯೊಂದರಲ್ಲಿ, ಕೊಪ್ಪರಿಗೆಯ ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನು ತಳ್ಳುತ್ತಿದ್ದ ಹಿರಿಯರೊಬ್ಬರು "ನಮ್ ಒಲೆಗೆ ನಾವಿದ್ದೀವಿ, ಅವನ ಒಲೆಗೆ ಸೌದೆ ಹಾಕೋರು ಯಾರು ಮೇಷ್ಟ್ರೇ?" ಎಂದು ಕೇಳಿದ್ದರು. ಸಿಪ್ಪೆ ತಳ್ಳುವ ಕೈ ಸ್ವಲ್ಪ ಹೊತ್ತು ನಿಂತರೂ ಪಾಕ ಕೆಡುತ್ತದೆ ಎಂದು ಬಲ್ಲವರಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ ಅದು.

ಒಲೆ ಉರಿಯುವುದೆಂದರೆ ಸಿಪ್ಪೆಯಲ್ಲಿರುವ ಇಂಗಾಲವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡುವುದು. ಆ ಅರ್ಥದಲ್ಲಿ ಸೂರ್ಯ ಉರಿಯುತ್ತಿಲ್ಲ. ಇಡೀ ಸೂರ್ಯನೇ ಒಳ್ಳೆಯ ಕಲ್ಲಿದ್ದಲಿನ ಗುಡ್ಡೆ, ಅದಕ್ಕೆ ಬೇಕಾದಷ್ಟು ಆಮ್ಲಜನಕವೂ ಸಿಗುತ್ತದೆ ಎಂದೇ ಇಟ್ಟುಕೊಂಡು ಲೆಕ್ಕ ಹಾಕಿದರೂ, ಈಗಿನ ಪ್ರಮಾಣದ ಬೆಳಕನ್ನು ಕೊಡುತ್ತ ಅದು ಸುಮಾರು 5,000 ವರ್ಷಗಳಲ್ಲಿ ಬೂದಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್, ಸೂರ್ಯ ತನ್ನ ಭಾರಕ್ಕೆ ತಾನೇ ಮೆಲ್ಲನೆ ಕುಗ್ಗುತ್ತ ಆ ಕುಗ್ಗುವಿಕೆಯಿಂದ ಬಿಸಿಯಾಗುತ್ತಿದ್ದಾನೆ ಎಂದು ಭಾವಿಸಿದರು. ಅದರಿಂದಲೂ ದೊರೆತ ಆಯಸ್ಸು ಎರಡು ಮೂರು ಕೋಟಿ ವರ್ಷ ಮಾತ್ರ. ಬಂಡೆಗಳ ಪದರಗಳನ್ನು ಓದುತ್ತಿದ್ದ ಭೂವಿಜ್ಞಾನಿಗಳಿಗೂ ಜೀವವಿಕಾಸದ ಬಗ್ಗೆ ಯೋಚಿಸುತ್ತಿದ್ದ ಡಾರ್ವಿನ್‌ಗೂ ಅಷ್ಟು ಕಾಲ ಎಲ್ಲಿಯೂ ಸಾಲುತ್ತಿರಲಿಲ್ಲ.

ಹಾಗಾದರೆ ಆ ಶಕ್ತಿ ಬರುವುದು ಎಲ್ಲಿಂದ?

ಸೂರ್ಯನ ನಟ್ಟನಡುವೆ ಸುಮಾರು 1.5 ಕೋಟಿ ಡಿಗ್ರಿ ಸೆಲ್ಸಿಯಸ್ ತಾಪವಿದೆ. ಅಲ್ಲಿನ ವಸ್ತು ಅನಿಲವೇ ಆದರೂ ಒತ್ತಡದಿಂದ ನೀರಿಗಿಂತ ನೂರೈವತ್ತು ಪಟ್ಟು ಸಾಂದ್ರವಾಗಿದೆ. ಆ ತಾಪದಲ್ಲಿ ಹೈಡ್ರೋಜನ್ ಪರಮಾಣುಗಳ ಎಲೆಕ್ಟ್ರಾನುಗಳು ಕಳಚಿಕೊಂಡು, ಬರಿಯ ಪ್ರೋಟಾನುಗಳು ಅತಿವೇಗದಲ್ಲಿ ಅಲೆಯುತ್ತಿರುತ್ತವೆ. ಹಲವು ಹಂತಗಳಲ್ಲಿ ನಾಲ್ಕು ಪ್ರೋಟಾನುಗಳು ಕೂಡಿ ಒಂದು ಹೀಲಿಯಂ ಬೀಜವಾಗುತ್ತದೆ. ಇದೇ ಬೈಜಿಕ ಸಮ್ಮಿಲನ. ಹಾಗೆ ಹುಟ್ಟಿದ ಹೀಲಿಯಂ, ಅದಕ್ಕೆ ಕಾರಣವಾದ ನಾಲ್ಕು ಪ್ರೋಟಾನುಗಳ ಒಟ್ಟು ತೂಕಕ್ಕಿಂತ ನೂರಕ್ಕೆ 0.7ರಷ್ಟು ಹಗುರ. ಕಾಣೆಯಾದ ಆ ಚೂರು ತೂಕವೇ, 1905ರಲ್ಲಿ ಐನ್‌ಸ್ಟೈನ್ ಕಂಡುಕೊಂಡ ಸಮೀಕರಣದಂತೆ ಶಕ್ತಿಯಾಗಿ ಹೊರಬರುತ್ತದೆ.

ಈ ತೂಕದ ವ್ಯತ್ಯಾಸವನ್ನು ಆಸ್ಟನ್ ಪ್ರಯೋಗಶಾಲೆಯಲ್ಲಿ ಅಳೆದೊಡನೆ, 1920ರಲ್ಲಿ ಎಡಿಂಗ್ಟನ್ ಇದೇ ಸೂರ್ಯನ ಬಂಡವಾಳವಿರಬೇಕೆಂದು ಊಹಿಸಿದರು. ಆದರೆ ಸೂರ್ಯನಲ್ಲಿ ಹೈಡ್ರೋಜನ್ನೇ ಹೆಚ್ಚೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು 1925ರಲ್ಲಿ ತೋರಿಸಿಕೊಟ್ಟವರು ಸೆಸಿಲಿಯಾ ಪೇನ್. ಅವರು ಬಳಸಿದ್ದು ನಮ್ಮ ಮೇಘನಾದ ಸಹಾ 1920ರಲ್ಲಿ ರೂಪಿಸಿದ ಅಯಾನೀಕರಣದ, ಅಂದರೆ ಬಿಸಿಯಲ್ಲಿ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚುವುದರ, ಸಮೀಕರಣವನ್ನು. ಸಮ್ಮಿಲನದ ಹಂತಗಳನ್ನು 1939ರ ಹೊತ್ತಿಗೆ ಖಚಿತವಾಗಿ ವಿವರಿಸಿದ ಹಾನ್ಸ್ ಬೆಥೆಗೆ 1967ರ ನೊಬೆಲ್ ಬಂದಿತು.

ಪ್ರಮಾಣವನ್ನು ನಮ್ಮ ಕಡೆಯ ಅಳತೆಯಲ್ಲಿ ಹೇಳುವುದಾದರೆ ಹೀಗೆ: ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಅದರಲ್ಲಿರುವುದು ಸುಮಾರು 49.45 ಟಿಎಂಸಿ, ಅಂದರೆ 140 ಕೋಟಿ ಟನ್ ನೀರು. ಸೂರ್ಯ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನನ್ನು ಹೀಲಿಯಂ ಮಾಡುತ್ತಾನೆ. ತುಂಬಿದ ಕಟ್ಟೆಯ ತೂಕದಷ್ಟು ಹೈಡ್ರೋಜನ್ ಎರಡೂವರೆ ಸೆಕೆಂಡಿನೊಳಗೆ ಮುಗಿಯುತ್ತದೆ. ಅದರಲ್ಲಿ ಶಕ್ತಿಯಾಗಿ ಕರಗುವುದು ಸೆಕೆಂಡಿಗೆ 42 ಲಕ್ಷ ಟನ್. ಇಷ್ಟು ಕಾಲವೂ ಹೀಗೆ ಕಳೆದುಕೊಂಡಿದ್ದರೂ, ಹೋದದ್ದು ಅವನ ಒಟ್ಟು ತೂಕದ ಹತ್ತು ಸಾವಿರದಲ್ಲಿ ಮೂರು ಪಾಲನ್ನು ದಾಟಿಲ್ಲ.

ಹಾಗಿದ್ದರೆ ಅವನು ಹೈಡ್ರೋಜನ್ ಬಾಂಬಿನಂತೆ ಒಂದೇ ಸಲ ಏಕೆ ಸಿಡಿಯುವುದಿಲ್ಲ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೆಂದು ನನ್ನ ಎಣಿಕೆ. ಮೇಲಿನ ಭಾರೀ ಅಂಕಿಗಳನ್ನು ಕೇಳಿದವರಿಗೆ ಸೂರ್ಯನ ಗರ್ಭ ಕ್ಷಣಕ್ಷಣಕ್ಕೂ ಸ್ಫೋಟಿಸುತ್ತಿರುವ ಜಾಗವೆಂಬ ಭಾವನೆ ಮೂಡುತ್ತದೆ, ಪಠ್ಯಪುಸ್ತಕದ ಕೆಂಡದುಂಡೆಯ ಚಿತ್ರಗಳೂ ಅದನ್ನೇ ಬಲಪಡಿಸುತ್ತವೆ. ನಿಜ ಸಂಗತಿ ಬೇರೆ. ಸೂರ್ಯನ ನಡುಭಾಗದ ಒಂದು ಘನ ಮೀಟರ್ ವಸ್ತುವಿನಿಂದ ಹೊರಡುವ ಶಕ್ತಿ ಹೆಚ್ಚೆಂದರೆ ಮುನ್ನೂರು ವಾಟ್‌ನ ಸುತ್ತಮುತ್ತ. ಹಿತ್ತಿಲಿನ ತಿಪ್ಪೆಗುಂಡಿಯೊಳಗೆ ಸಗಣಿ, ಕಸಕಡ್ಡಿ ಕೊಳೆಯುತ್ತ ಬಿಸಿಯೇರುವುದನ್ನು ಕೈಯಿಟ್ಟು ನೋಡಿದವರಿಗೆ ಗೊತ್ತಿರುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ತೀವ್ರತೆಯದು. ಇಡೀ ಸೂರ್ಯನ ಸರಾಸರಿ ತೆಗೆದರೆ, ತೂಕಕ್ಕೆ ತೂಕ, ಮನುಷ್ಯನ ಮೈ ಸೂರ್ಯನಿಗಿಂತ ಸಾವಿರಾರು ಪಟ್ಟು ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ. ಸೂರ್ಯ ಅಷ್ಟೊಂದು ಬೆಳಗುವುದು ಚುರುಕಾಗಿ ಉರಿಯುವುದರಿಂದಲ್ಲ, ಅಳತೆಮೀರಿ ದೊಡ್ಡವನಾಗಿರುವುದರಿಂದ. ಅವನ ಅಡ್ಡಗಲ 13.9 ಲಕ್ಷ ಕಿಲೋಮೀಟರ್, ತೂಕ ಭೂಮಿಯ 3.33 ಲಕ್ಷ ಪಟ್ಟು.

ಈ ನಿಧಾನಕ್ಕೆ ಕಾರಣಗಳಿವೆ. ಎರಡು ಪ್ರೋಟಾನುಗಳೂ ಧನ ವಿದ್ಯುದಂಶವುಳ್ಳವಾದ್ದರಿಂದ ಒಂದನ್ನೊಂದು ದೂಡುತ್ತವೆ. 1.5 ಕೋಟಿ ಡಿಗ್ರಿಯ ವೇಗದಲ್ಲಿ ಬಂದರೂ ಆ ತಡೆಗೋಡೆಯನ್ನು ಹತ್ತಿ ದಾಟುವಷ್ಟು ಕಸುವು ಅವಕ್ಕಿರುವುದಿಲ್ಲ. ಗೋಡೆಯನ್ನು ಹತ್ತದೆಯೇ ಅಪರೂಪಕ್ಕೊಮ್ಮೆ ಅದರೊಳಗಿಂದ ತೂರಿ ಆಚೆ ಸೇರಿಬಿಡುವ ಕ್ವಾಂಟಂ ಸಾಧ್ಯತೆಯನ್ನು ಗ್ಯಾಮೋ 1928ರಲ್ಲಿ ವಿವರಿಸಿದರು. ಹಾಗೆ ತೂರಿದರೂ ಸಾಲದು. ಸೇರಿದ ಆ ಅತ್ಯಲ್ಪ ಕ್ಷಣದೊಳಗೆ ಒಂದು ಪ್ರೋಟಾನು ನ್ಯೂಟ್ರಾನಾಗಿ ಮಾರ್ಪಡಬೇಕು, ಇಲ್ಲವಾದರೆ ಜೋಡಿ ಬಿಟ್ಟುಹೋಗುತ್ತದೆ. ಈ ಎರಡೂ ಅಪರೂಪಗಳು ಕೂಡಿಬರಲು ಒಂದು ಪ್ರೋಟಾನು ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕಾಗುತ್ತದೆ. ಬಾಂಬಿನಲ್ಲಿ ಬಳಸುವುದು ಸುಲಭವಾಗಿ ಕೂಡುವ, ಹೈಡ್ರೋಜನ್ನಿನ ಭಾರವಾದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂಗಳನ್ನು. ಅಲ್ಲಿ ಈ ಕಾಯುವಿಕೆ ಇಲ್ಲ, ಆದ್ದರಿಂದಲೇ ಅದು ಬಾಂಬು.

ಇನ್ನು ಉರಿಯನ್ನು ಹದದಲ್ಲಿಡುವ ಏರ್ಪಾಡೂ ಸೂರ್ಯನಲ್ಲೇ ಇದೆ. ಸಮ್ಮಿಲನ ತುಸು ಹೆಚ್ಚಾದರೆ ಗರ್ಭ ಬಿಸಿಯೇರಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ, ಸಮ್ಮಿಲನ ತಗ್ಗುತ್ತದೆ. ಕಡಿಮೆಯಾದರೆ ಮೇಲಿನ ಭಾರಕ್ಕೆ ಕುಗ್ಗಿ ಮತ್ತೆ ಬಿಸಿಯಾಗುತ್ತದೆ. ಆಲೆಮನೆಯಲ್ಲಿ ಪಾಕ ಉಕ್ಕಿದಾಗ ಎಣ್ಣೆಯ ಹನಿ ಬಿಟ್ಟು ತಗ್ಗಿಸಲು ಮನುಷ್ಯ ಬೇಕು. ಸೂರ್ಯನಲ್ಲಿ ಆ ಕೆಲಸವನ್ನು ಅವನ ಭಾರವೇ ಮಾಡುತ್ತದೆ. ಸೌದೆ ಹಾಕುವವರು ಯಾರೆಂದು ಕೇಳಿದ ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇದೇ: ಸೌದೆ ಮೊದಲೇ ತುಂಬಿಟ್ಟಿದ್ದಾಗಿದೆ, ಒಲೆ ಅದನ್ನು ಜಿಪುಣತನದಿಂದ ಉರಿಸುತ್ತದೆ. ಅವರಿಗೆ ಅರ್ಧ ಸಮಾಧಾನವಾದಂತೆ ಕಂಡಿತು.

ಗರ್ಭದಲ್ಲಿ ಹುಟ್ಟಿದ ಬೆಳಕು ನಮ್ಮನ್ನು ತಲುಪಲು ಎಷ್ಟು ಹೊತ್ತು ಬೇಕು?

ಮೇಲ್ಮೈಯಿಂದ ಭೂಮಿಗೆ ಬರಲು 8 ನಿಮಿಷ 20 ಸೆಕೆಂಡು. ಗರ್ಭದಿಂದ ಮೇಲ್ಮೈಗೆ ಬರುವುದೇ ದೀರ್ಘ ಪಯಣ. ಒಳಗೆ ಬೆಳಕಿನ ಕಣವು ಒಂದು ಹೆಜ್ಜೆಯಿಡುವಷ್ಟರಲ್ಲಿ ಯಾವುದಾದರೊಂದು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತದೆ. ದಸರಾ ಮೆರವಣಿಗೆಯ ದಿನ ಸಯ್ಯಾಜಿರಾವ್ ರಸ್ತೆಯ ಜನಜಂಗುಳಿಯಲ್ಲಿ ಸಿಕ್ಕಿಬಿದ್ದವನು ನಾಲ್ಕು ಹೆಜ್ಜೆ ಮುಂದಿಟ್ಟು ಮೂರು ಹೆಜ್ಜೆ ಹಿಂದೆ ಬರುವಂತೆ, ಆ ಶಕ್ತಿಯು ಹೊರಬರಲು ಹತ್ತಾರು ಸಾವಿರ ವರ್ಷಗಳಿಂದ ಲಕ್ಷಕ್ಕೂ ಮೀರಿದ ವರ್ಷಗಳು ಹಿಡಿಯುತ್ತವೆಂದು ಲೆಕ್ಕ. ಹೊರಗಿನ ಎರಡು ಲಕ್ಷ ಕಿಲೋಮೀಟರ್ ಪದರದಲ್ಲಿ ಮಾತ್ರ ಅನಿಲವೇ ಕುದಿಯುವ ಕಬ್ಬಿನ ಹಾಲಿನಂತೆ ಮೇಲೆದ್ದು, ಶಾಖವನ್ನು ಬಿಟ್ಟು, ಕೆಳಗಿಳಿಯುತ್ತದೆ. ಕೊಪ್ಪರಿಗೆಯ ಮೇಲೆ ಏಳುವ ಗುಳ್ಳೆಗಳ ಹಾಗೆ ಸೂರ್ಯನ ಮೇಲೂ ಕಣಕಣವಾದ ಮಾದರಿ ಕಾಣುತ್ತದೆ. ಆ ಒಂದೊಂದು ಕಣವೂ ಸುಮಾರು ಸಾವಿರ ಕಿಲೋಮೀಟರ್ ಅಗಲವಿದ್ದು ಹತ್ತಾರು ನಿಮಿಷಗಳಲ್ಲಿ ಅಳಿದು ಹೊಸದು ಮೂಡುತ್ತದೆ.

ಒಳಗೆ ಹೋಗಿ ನೋಡಿದವರು ಯಾರೂ ಇಲ್ಲದಿರುವಾಗ ಇದನ್ನೆಲ್ಲ ನಂಬುವುದು ಹೇಗೆ?

ಸಂಶಯ ನ್ಯಾಯವಾದುದು. ಮೊದಲ ಸಾಕ್ಷಿ ಬೆಳಕಿನ ರೋಹಿತ, ಅಂದರೆ ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣಗಳ ಪಟ್ಟಿ. ಅದರಲ್ಲಿನ ಗೆರೆಗಳು ಯಾವ ಮೂಲವಸ್ತು ಇದೆಯೆಂದು ಹೇಳುತ್ತವೆ. 1868ರ ಆಗಸ್ಟ್ 18ರ ಪೂರ್ಣಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಆಂಧ್ರದ ಗುಂಟೂರಿನಿಂದ ವೀಕ್ಷಿಸಿದರು. ಆ ಗ್ರಹಣದ ಬೆಳಕಿನಲ್ಲಿ ಕಂಡ ಹಳದಿ ಗೆರೆಯನ್ನು ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಕೂಡ ಗುರುತಿಸಿ, ಅದು ಹೊಸ ಮೂಲವಸ್ತುವಿನದೆಂದು ಸಾರಿದರು. ಹೀಲಿಯಂ ನಮ್ಮ ಭೂಮಿಯಲ್ಲಿ ಸಿಕ್ಕಿದ್ದು 1895ರಲ್ಲಿ, ಸೂರ್ಯನಲ್ಲಿ ಗುರುತಿಸಿದ 27 ವರ್ಷಗಳ ನಂತರ.

ಗರ್ಭದ ನೇರ ಸಾಕ್ಷಿ ನ್ಯೂಟ್ರಿನೋಗಳದು. ಸಮ್ಮಿಲನದಲ್ಲಿ ಹುಟ್ಟುವ ಈ ಕಣಗಳು ಯಾವುದಕ್ಕೂ ಅಂಟದೆ ಎರಡು ಸೆಕೆಂಡುಗಳಲ್ಲೇ ಸೂರ್ಯನಿಂದ ಹೊರಬರುತ್ತವೆ. ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ಹಾದುಹೋಗುತ್ತಿವೆ, ರಾತ್ರಿ ಮಲಗಿದಾಗಲೂ, ಆಗ ಭೂಮಿಯನ್ನೇ ತೂರಿ ಕೆಳಗಿನಿಂದ ಬರುತ್ತವೆ. ಅಮೆರಿಕದ ಚಿನ್ನದ ಗಣಿಯೊಂದರ ಆಳದಲ್ಲಿ ದೊಡ್ಡ ತೊಟ್ಟಿಯಿಟ್ಟು ರೇ ಡೇವಿಸ್ ಎಣಿಸಿದಾಗ, ನಿರೀಕ್ಷಿಸಿದ್ದರ ಮೂರನೆಯ ಒಂದು ಪಾಲು ಮಾತ್ರ ಸಿಕ್ಕಿತು. ಸೂರ್ಯನ ಲೆಕ್ಕವೇ ತಪ್ಪೆಂದು ಮೂವತ್ತು ವರ್ಷ ಅನೇಕರು ಶಂಕಿಸಿದರು. ನ್ಯೂಟ್ರಿನೋಗಳು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸಿಕೊಂಡು ಡೇವಿಸರ ತೊಟ್ಟಿ ಹಿಡಿಯಲಾರದ ಬಗೆಗಳಾಗುತ್ತವೆಂದು ಕೆನಡಾದ ಸಡ್‌ಬರಿ ಪ್ರಯೋಗ 2001 ಮತ್ತು 2002ರಲ್ಲಿ ತೋರಿಸಿದಾಗ ಲೆಕ್ಕ ಸರಿಹೋಯಿತು. ತಪ್ಪಿದ್ದುದು ಸೂರ್ಯನ ವಿಷಯದಲ್ಲಲ್ಲ, ನ್ಯೂಟ್ರಿನೋಗಳ ವಿಷಯದಲ್ಲಿ.

ಇಲ್ಲೊಂದು ಮಾತನ್ನು ಹೇಳದಿರಲಾರೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊದಲು ಹಿಡಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. ಅದು ನಡೆದದ್ದು 1965ರಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ.

ಸೂರ್ಯನ ಶಕ್ತಿಯಲ್ಲಿ ನಮ್ಮ ಪಾಲೆಷ್ಟು?

ಅವನು ಸುತ್ತಲೂ ಚೆಲ್ಲುವ ಬೆಳಕನ್ನು 220 ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಭೂಮಿಯದು. ವಾತಾವರಣದ ಮೇಲ್ಭಾಗದಲ್ಲಿ ಒಂದು ಚದರ ಮೀಟರಿಗೆ ಸುಮಾರು 1,361 ವಾಟ್ ಬೀಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕಬ್ಬು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ, ಬೆಳೆಗಳಲ್ಲಿ ಅದೇ ದೊಡ್ಡ ಸಾಧನೆ. ಆಲೆಮನೆಯ ಬೆಲ್ಲವೂ ಬಿಸಿಲೇ, ಅದನ್ನು ಕಾಯಿಸಲು ಉರಿಸುವ ಸಿಪ್ಪೆಯೂ ಬಿಸಿಲೇ.

ಕಾವೇರಿಯೂ ಹಾಗೆಯೇ. ಅರಬ್ಬಿ ಸಮುದ್ರದ ನೀರನ್ನು ಆವಿಯಾಗಿ ಎತ್ತಿ ಕೊಡಗಿನ ಬೆಟ್ಟಗಳ ಮೇಲೆ ಸುರಿಯುವ ದುಡಿಮೆ ಸೂರ್ಯನದು. 1902ರಲ್ಲಿ ಶಿವನಸಮುದ್ರದಲ್ಲಿ ಆ ನೀರು ಧುಮುಕುವಾಗ ವಿದ್ಯುತ್ತನ್ನು ಪಡೆದು ಕೋಲಾರದ ಗಣಿಗೆ ಕಳುಹಿಸಿದ್ದು, ಮೊದಲೇ ಮೇಲೆತ್ತಿಟ್ಟಿದ್ದ ಬಿಸಿಲನ್ನು ತಂತಿಯಲ್ಲಿ ಸಾಗಿಸಿದಂತೆ. ಭೂಶಾಖ, ಅಣುಶಕ್ತಿ ಮತ್ತು ಚಂದ್ರನಿಂದ ಏಳುವ ಉಬ್ಬರವಿಳಿತಗಳನ್ನು ಬಿಟ್ಟರೆ, ನಾವು ಬಳಸುವ ಬಹುತೇಕ ಶಕ್ತಿಗೆ ಇದೇ ಮೂಲ.

ಸೂರ್ಯನ ವಯಸ್ಸೆಷ್ಟು? ಅದು ಹೇಗೆ ಗೊತ್ತು?

ಸುಮಾರು 457 ಕೋಟಿ ವರ್ಷ. ಸೂರ್ಯನೊಡನೆಯೇ ಗಟ್ಟಿಗೊಂಡ ಉಲ್ಕಾಶಿಲೆಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆಯೆಂದು ಅಳೆದು ಇದನ್ನು ತಿಳಿಯುತ್ತಾರೆ. ಅನಿಲ ಮತ್ತು ಧೂಳಿನ ತಣ್ಣನೆಯ ಮೋಡವೊಂದು ತನ್ನ ಭಾರಕ್ಕೆ ಕುಸಿದಾಗ ಅವನು ಹುಟ್ಟಿದ. ಆ ಮೋಡದಲ್ಲಿ ಹಿಂದಿನ ತಲೆಮಾರಿನ ನಕ್ಷತ್ರಗಳು ಬೇಯಿಸಿಟ್ಟಿದ್ದ ಇಂಗಾಲ, ಆಮ್ಲಜನಕ, ಕಬ್ಬಿಣ ಮೊದಲೇ ಇದ್ದವು. ನಮ್ಮ ರಕ್ತದ ಕಬ್ಬಿಣ ಸೂರ್ಯನು ಮಾಡಿದ್ದಲ್ಲ, ಅವನಿಗಿಂತ ಹಳೆಯದು.

ಬೇಸಿಗೆ ವರ್ಷದಿಂದ ವರ್ಷಕ್ಕೆ ಕಡುವಾಗುತ್ತಿರುವುದು ಸೂರ್ಯ ಬಿಸಿಯಾಗುತ್ತಿರುವುದರಿಂದಲೇ?

ಅಲ್ಲ. ಮಂಡ್ಯದಲ್ಲಿ ಮಾರ್ಚ್ ತಿಂಗಳ ನಂತರ ನಡೆಸುವ ಯಾವ ಕಾರ್ಯಕ್ರಮದಲ್ಲಿಯೂ ಈ ಪ್ರಶ್ನೆ ತಪ್ಪಿದ್ದಿಲ್ಲ, ಆದುದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಸೂರ್ಯನ ಪ್ರಕಾಶ ಹೆಚ್ಚುತ್ತಿರುವುದು ನಿಜವಾದರೂ ಅದರ ವೇಗ ನೂರು ಕೋಟಿ ವರ್ಷಕ್ಕೆ ನೂರರಲ್ಲಿ ಹತ್ತರಷ್ಟು. ಮನುಷ್ಯನ ಒಂದು ಆಯುಷ್ಯದಲ್ಲಿ ಅದು ಸೊನ್ನೆ. ಸೌರಕಲೆಗಳ 11 ವರ್ಷಗಳ ಆವರ್ತನದಲ್ಲಿ ಪ್ರಕಾಶ ಏರಿಳಿಯುವುದು ಶೇಕಡ 0.1ರಷ್ಟು ಮಾತ್ರ. 1978ರಿಂದ ಉಪಗ್ರಹಗಳು ಅಳೆಯುತ್ತ ಬಂದಿದ್ದರೂ ಭೂಮಿಯ ತಾಪದ ಜೊತೆಗೆ ಏರುವ ಪ್ರವೃತ್ತಿ ಸೂರ್ಯನಲ್ಲಿ ಕಂಡಿಲ್ಲ. ಸೂರ್ಯನೇ ಕಾರಣನಾಗಿದ್ದರೆ ವಾತಾವರಣದ ಮೇಲಿನ ಪದರಗಳೂ ಬಿಸಿಯಾಗಬೇಕಿತ್ತು. ಅವು ತಣಿಯುತ್ತಿವೆ, ನೆಲದ ಹತ್ತಿರ ಮಾತ್ರ ಕಾವು ಏರುತ್ತಿದೆ. ಕಾರಣ ನಾವು ಉರಿಸುವ ಕಲ್ಲಿದ್ದಲು ಮತ್ತು ಎಣ್ಣೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್.

ಸೂರ್ಯನ ದೂರವೂ ಬೇಸಿಗೆಗೆ ಕಾರಣವಲ್ಲ. ನಾವು ಅವನಿಗೆ ಅತಿ ಸಮೀಪವಿರುವುದು ಜನವರಿ ಮೊದಲ ವಾರದಲ್ಲಿ, ಮೈಸೂರಿಗರು ಸ್ವೆಟರ್ ಹಾಕಿಕೊಂಡು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವ ದಿನಗಳಲ್ಲಿ.

ಹೈಡ್ರೋಜನ್ ಮುಗಿದ ದಿನ ಏನಾಗುತ್ತದೆ?

ಮುಗಿಯುವುದು ಇಡೀ ಸೂರ್ಯನ ಹೈಡ್ರೋಜನ್ ಅಲ್ಲ, ಗರ್ಭದ್ದು ಮಾತ್ರ. ಹೊರಗಿನ ಹೈಡ್ರೋಜನ್ ಕೆಳಗಿಳಿದು ಗರ್ಭದೊಡನೆ ಬೆರೆಯದಿರುವುದರಿಂದ, ಕಣಜದಲ್ಲಿ ರಾಗಿ ತುಂಬಿದ್ದರೂ ಅಡುಗೆಮನೆಯ ಡಬ್ಬ ಖಾಲಿಯಾದ ಸ್ಥಿತಿ ಅದು. ಸುಮಾರು 500 ಕೋಟಿ ವರ್ಷಗಳ ನಂತರ ಈ ಹಂತ ಬರುತ್ತದೆ.

ಆದರೆ ನಮಗೆ ಸಂಬಂಧಿಸಿದ ಗಡುವು ಅದಕ್ಕಿಂತ ಬಹಳ ಮುಂಚಿನದು. ಹೀಲಿಯಂ ಶೇಖರವಾದಂತೆ ಗರ್ಭ ಕುಗ್ಗಿ ಇನ್ನಷ್ಟು ಬಿಸಿಯಾಗುವುದರಿಂದ ಸೂರ್ಯ ಮೆಲ್ಲನೆ ಪ್ರಖರನಾಗುತ್ತ ಹೋಗುತ್ತಾನೆ. ಇನ್ನು ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ಸಮುದ್ರಗಳು ಆವಿಯಾಗತೊಡಗುತ್ತವೆಂದು ಲೆಕ್ಕ. ಭೂಮಿಯ ಮೇಲೆ ಜೀವಿಗಳಿಗೆ ಸಲ್ಲುವ ಕಾಲದಲ್ಲಿ ಹೆಚ್ಚಿನ ಪಾಲು ಆಗಲೇ ಕಳೆದುಹೋಗಿದೆ ಎಂಬುದು ನನ್ನನ್ನು, ಸೂರ್ಯ ಮುಂದೆ ಉಬ್ಬಿ ಕೆಂಪು ದೈತ್ಯನಾಗುವ ಕಥೆಗಿಂತ ಹೆಚ್ಚು ಕಾಡಿದ ಸಂಗತಿ.

ಗರ್ಭದ ಹೈಡ್ರೋಜನ್ ತೀರಿದ ಮೇಲೆ ಅದರ ಸುತ್ತಲಿನ ಪದರದಲ್ಲಿ ಸಮ್ಮಿಲನ ಹೊತ್ತಿಕೊಂಡು, ಸೂರ್ಯ ಈಗಿನ ಇನ್ನೂರು ಪಟ್ಟಿಗೂ ಮೀರಿ ಉಬ್ಬುತ್ತಾನೆ, ಈಗಿನ ಎರಡು ಸಾವಿರ ಪಟ್ಟಿಗೂ ಹೆಚ್ಚು ಬೆಳಗುತ್ತಾನೆ. ಬುಧ, ಶುಕ್ರ ಅವನ ಒಡಲು ಸೇರುತ್ತವೆ. ಭೂಮಿಯ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ: ಸೂರ್ಯ ತೂಕ ಕಳೆದುಕೊಂಡಂತೆ ನಮ್ಮ ಕಕ್ಷೆ ಹಿಗ್ಗುತ್ತದೆ, ಅದೇ ಹೊತ್ತಿಗೆ ಅವನ ಸೆಳೆತ ನಮ್ಮನ್ನು ಒಳಕ್ಕೂ ಎಳೆಯುತ್ತದೆ. ಗರ್ಭದ ತಾಪ 10 ಕೋಟಿ ಡಿಗ್ರಿ ಮುಟ್ಟಿದಾಗ ಹೀಲಿಯಂ ಕೂಡಿ ಇಂಗಾಲವಾಗತೊಡಗುತ್ತದೆ. ಆ ಆಟ ಹತ್ತಾರು ಕೋಟಿ ವರ್ಷಗಳಿಗೇ ಮುಗಿಯುತ್ತದೆ. ಕೊನೆಗೆ ಹೊರಪದರಗಳು ಹೊಳೆಯುವ ಮೋಡವಾಗಿ ಹರಡಿಹೋಗಿ, ಈಗಿನ ತೂಕದ ಸುಮಾರು ಅರ್ಧದಷ್ಟು ವಸ್ತುವು ಭೂಮಿಯ ಗಾತ್ರದ ಶ್ವೇತ ಕುಬ್ಜವಾಗಿ ಉಳಿಯುತ್ತದೆ. ಅದಕ್ಕೆ ಉರಿಸಲು ಏನೂ ಇರುವುದಿಲ್ಲ. ಒಲೆ ಆರಿದ ಮೇಲೂ ಬಹಳ ಹೊತ್ತು ಕೊಪ್ಪರಿಗೆ ಬಿಸಿಯಾಗಿರುವಂತೆ ಅದು ತಣಿಯುತ್ತ ಕೂರುತ್ತದೆ.

ಸೂರ್ಯ ಕಪ್ಪುಕುಳಿಯಾಗುವುದಿಲ್ಲವೇ?

ಇಲ್ಲ. ಕಪ್ಪುಕುಳಿಯಾಗುವುದು ಭಾರೀ ನಕ್ಷತ್ರಗಳ ಗರ್ಭ ಕುಸಿದಾಗ. ಅಂಥ ನಕ್ಷತ್ರದಂತೆ ಸೂಪರ್‌ನೋವಾ ಆಗಿ ಸಿಡಿಯಲು ಸೂರ್ಯನ ಎಂಟು ಪಟ್ಟಾದರೂ ತೂಕ ಬೇಕು. ಶ್ವೇತ ಕುಬ್ಜವೊಂದು ತಾಳಿಕೊಳ್ಳಬಹುದಾದ ಗರಿಷ್ಠ ತೂಕ ಸೂರ್ಯನ ಸುಮಾರು 1.4 ಪಟ್ಟೆಂದು ಚಂದ್ರಶೇಖರ್ ತೋರಿಸಿದ್ದಾರೆ. ನಮ್ಮವನು ಆ ಗೆರೆಯ ಈಚೆ ನೆಮ್ಮದಿಯಾಗಿದ್ದಾನೆ.

ಸಮ್ಮಿಲನ ಈ ಕ್ಷಣವೇ ನಿಂತುಹೋದರೆ?

ನಮಗೆ ಗೊತ್ತೇ ಆಗುವುದಿಲ್ಲ, ನ್ಯೂಟ್ರಿನೋ ಎಣಿಸುವವರನ್ನು ಬಿಟ್ಟು. ಒಳಗೆ ಕೂಡಿಟ್ಟ ಶಾಖ, ಕುಗ್ಗುವಿಕೆಯಿಂದ ಬರುವ ಶಾಖ ಎರಡೂ ಸೇರಿ ಲಕ್ಷಾಂತರ ವರ್ಷ ಸೂರ್ಯನ ಮುಖ ಹೆಚ್ಚೇನೂ ಬದಲಾಗುವುದಿಲ್ಲ. ಕೆಲ್ವಿನ್ನರ ಲೆಕ್ಕ ಸುಳ್ಳಾಗಿರಲಿಲ್ಲ, ಅದು ಈ ಪ್ರಶ್ನೆಗೆ ಉತ್ತರವಾಗಿತ್ತು.

ಆದಿತ್ಯ ಎಲ್1 ನೋಡುತ್ತಿರುವುದು ಏನನ್ನು?

2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ನೆಲೆಯನ್ನು ಸೇರಿದ ಈ ನೌಕೆ ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು, ಅಲ್ಲಿಂದ ಏಳುವ ಬಿರುಗಾಳಿಗಳನ್ನು ಗಮನಿಸುತ್ತದೆ. ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಮೇಲ್ಮೈ 5,500 ಡಿಗ್ರಿ ಇರುವಾಗ ಅದರ ಮೇಲಿನ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೀರಿ ಏಕೆ ಕಾದಿದೆ ಎಂಬುದು ಇನ್ನೂ ಪೂರ್ತಿಯಾಗಿ ಬಗೆಹರಿಯದ ಒಗಟು.

ಮನೆಯಲ್ಲಿ ಸೂರ್ಯನನ್ನು ಸುರಕ್ಷಿತವಾಗಿ ನೋಡುವುದು ಹೇಗೆ?

ಬರಿಗಣ್ಣಿನಿಂದಾಗಲಿ, ಎಕ್ಸ್-ರೇ ಫಿಲ್ಮಿನ ಮೂಲಕವಾಗಲಿ, ಸಗಣಿ ನೀರಿನಲ್ಲಿ ಬಿದ್ದ ಬಿಂಬವನ್ನಾಗಲಿ ದಿಟ್ಟಿಸಬೇಡಿ. ಕಣ್ಣಿನ ಅಕ್ಷಿಪಟಕ್ಕೆ ಸುಟ್ಟರೂ ನೋವು ಗೊತ್ತಾಗುವುದಿಲ್ಲ. ಹೊಂಗೆಮರದ ನೆರಳಿನಲ್ಲಿ, ಹಳೆಯ ಹೆಂಚಿನ ಮನೆಯ ನೆಲದ ಮೇಲೆ ಬೀಳುವ ದುಂಡನೆಯ ಬೆಳಕಿನ ಬಿಲ್ಲೆಗಳು ಸೂರ್ಯನ ಬಿಂಬಗಳೇ. ಗ್ರಹಣದ ದಿನ ಅವೆಲ್ಲ ಕುಡುಗೋಲಿನಾಕಾರ ತಾಳುತ್ತವೆ.

ಇದಕ್ಕಿಂತ ಚೆನ್ನಾಗಿ ಕಾಣಬೇಕಾದರೆ ಸಣ್ಣ ಕನ್ನಡಿಗೆ ಕಪ್ಪು ಕಾಗದ ಅಂಟಿಸಿ, ನಡುವೆ ಸಣ್ಣ ಕಿಂಡಿ ಬಿಟ್ಟು, ಯಾರ ಕಣ್ಣಿಗೂ ಬೀಳದಂತೆ ಬಿಸಿಲನ್ನು ಕತ್ತಲೆಯ ಕೋಣೆಯ ಗೋಡೆಯ ಮೇಲೆ ತಿರುಗಿಸಿ. ಶ್ರೀರಂಗಪಟ್ಟಣದ ಬಳಿಯ ಶಾಲೆಯೊಂದರಲ್ಲಿ ಕನ್ನಡಿಯನ್ನು ಗೋಡೆಯಿಂದ 10 ಮೀಟರ್ ದೂರವಿಟ್ಟಿದ್ದೆವು. ಏಳನೆಯ ತರಗತಿಯ ಹುಡುಗಿ ಅಡಿಕೋಲು ಹಿಡಿದು ಬಿಂಬ 9.6 ಸೆಂಟಿಮೀಟರ್ ಎಂದಳು. ಬಿಂಬದ ಅಗಲಕ್ಕೂ ಗೋಡೆಯ ದೂರಕ್ಕೂ ಇರುವ ಅನುಪಾತವೇ ಸೂರ್ಯನ ಅಡ್ಡಗಲಕ್ಕೂ ದೂರಕ್ಕೂ ಇರಬೇಕು, ಸೂರ್ಯ 14.96 ಕೋಟಿ ಕಿಲೋಮೀಟರ್ ದೂರವಿರುವುದರಿಂದ ಅವನ ಅಡ್ಡಗಲ 14.36 ಲಕ್ಷ ಕಿಲೋಮೀಟರ್ ಎಂದು ಹಲಗೆಯ ಮೇಲೆ ಬರೆದು, ಸ್ವಲ್ಪ ಹೆಚ್ಚಾಯಿತೆಂದು ನಾನು ಸಮಾಧಾನ ಹೇಳುತ್ತಿದ್ದೆ. ಅವಳು ಕನ್ನಡಿಯ ಕಿಂಡಿಯನ್ನು ಅಳೆದು, "ಇದು ಮೂರು ಮಿಲಿಮೀಟರ್ ಇದೆ ಸಾರ್, ಇದನ್ನ ಕಳೀಬೇಕಲ್ವಾ?" ಎಂದಳು. ಕಳೆದಾಗ ಉತ್ತರ 13.9 ಲಕ್ಷ ಬಂದಿತು.